ಎಕ್ಸ್‌ಟೆನ್ಶನ್ ರಾಶಿ ಹಾಕದೆ ಬ್ರೌಸರ್‌ನಲ್ಲೇ ಕನ್ನಡದ ಕೆಲಸ: ನಿಘಂಟು, ಉದ್ದನೆಯ ಲಿಂಕು, ಹಳೇ ಪಿಡಿಎಫ್

ಕರಡುತಿದ್ದು ಕೇಳಿದ್ದು:

ಅನುವಾದ, ಕರಡು ತಿದ್ದುವ ಕೆಲಸ. ಲ್ಯಾಪ್‌ಟಾಪ್ ಹಳೆಯದು, ವಿಂಡೋಸ್ 10, 4 ಜಿಬಿ ರ‍್ಯಾಮ್. ಹೆಚ್ಚಾಗಿ ಕ್ರೋಮ್, ಫೈರ್‌ಫಾಕ್ಸೂ ಇದೆ. ಟೈಪಿಂಗ್ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ. ಈ ನಾಲ್ಕಕ್ಕೆ ತಿಳಿದವರು ದಾರಿ ಹೇಳಿ:

1. ಒಂದು ಪದದ ಅರ್ಥ ನೋಡಬೇಕಾದರೂ ನಿಘಂಟಿನ ಟ್ಯಾಬ್ ಹುಡುಕಿ, ಹಳೇ ಪದ ಅಳಿಸಿ, ಹೊಸದು ಹಾಕಬೇಕು. ಇದಕ್ಕೆ ಹತ್ತಿರದ ದಾರಿ ಇದೆಯೇ?

2. ಕನ್ನಡ ವಿಕಿಪೀಡಿಯದ ಲಿಂಕನ್ನು ವಾಟ್ಸಾಪ್‌ಗೆ ಹಾಕಿದರೆ ಶೇಕಡಾ ಚಿಹ್ನೆಗಳ ಸಾಲೇ ಮೂರು ನಾಲ್ಕು ಗೆರೆ ಬರುತ್ತದೆ. ಯಾವ ಪುಟ ಅಂತ ಓದುವವರಿಗೆ ಗೊತ್ತಾಗುವುದಿಲ್ಲ.

3. ಹಳೆಯ ಸುತ್ತೋಲೆ, ಸ್ಮರಣ ಸಂಚಿಕೆಗಳ ಪಿಡಿಎಫ್ ಕಣ್ಣಿಗೆ ಅಚ್ಚುಕಟ್ಟಾಗಿ ಕಾಣುತ್ತದೆ. ಕಂಟ್ರೋಲ್-ಎಫ್ ಒತ್ತಿ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ನಕಲು ಮಾಡಿ ಅಂಟಿಸಿದರೆ ಕೆಲವು ಫೈಲುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ಕೆಲವದರಲ್ಲಿ ಒತ್ತಕ್ಷರ ಉದುರಿದ ಕನ್ನಡ.

4. ಇಪ್ಪತ್ತು ಟ್ಯಾಬ್ ದಾಟಿದರೆ ಲ್ಯಾಪ್‌ಟಾಪ್ ಅಲುಗಾಡುವುದಿಲ್ಲ.

ದಯವಿಟ್ಟು ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಕಿರುತಂತ್ರಾಂಶ) ಹೆಸರು ಹೇಳಬೇಡಿ. ಈಗಾಗಲೇ ಎಂಟೊಂಬತ್ತು ಇವೆ.

ಒತ್ತಕ್ಷರ ಉತ್ತರ:

ಮೊದಲ ಎರಡಕ್ಕೆ ನನ್ನ ಉತ್ತರ.

ನಿಘಂಟಿಗೆ ಟ್ಯಾಬನ್ನೇ ತೆರೆದಿಡಬೇಡಿ. ವಿಳಾಸ ಬರೆಯುವ ಪಟ್ಟಿಯಲ್ಲೇ ನಿಮ್ಮ ನಿಘಂಟನ್ನು ಸೇರಿಸಿಡಬಹುದು. ಅಲರ್ ಉದಾಹರಣೆ ತೆಗೆದುಕೊಳ್ಳೋಣ (ವಿ. ಕೃಷ್ಣ ಅವರು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು, 2019ರಿಂದ ಅಂತರ್ಜಾಲದಲ್ಲಿ ಮುಕ್ತವಾಗಿದೆ, ಸುಮಾರು ಒಂದೂವರೆ ಲಕ್ಷ ಪದಗಳಿವೆ).

ಮೊದಲು ಅಲರ್ ತೆರೆದು ಯಾವ ಭಾಷೆಯಲ್ಲೂ ಇಲ್ಲದ ಪದವೊಂದನ್ನು ಹುಡುಕಿ. ಇಂಗ್ಲಿಷಿನ ‘ಕ್ಯೂ’ ಅಕ್ಷರವನ್ನು ಮೂರು ಸಲ ಒತ್ತಿದರೆ ಸಾಕು. ಫಲಿತಾಂಶ ಏನೂ ಬರುವುದಿಲ್ಲ, ನಮಗೆ ಬೇಕಾದ್ದು ಆ ಪುಟದ ವಿಳಾಸ ಮಾತ್ರ. ಅದನ್ನು ನಕಲಿಸಿಕೊಳ್ಳಿ. ಕ್ರೋಮ್‌ನ ‘ಸೆಟ್ಟಿಂಗ್ಸ್’ನಲ್ಲಿ ‘ಸರ್ಚ್ ಎಂಜಿನ್’, ಅದರೊಳಗೆ ‘ಮ್ಯಾನೇಜ್ ಸರ್ಚ್ ಎಂಜಿನ್ಸ್ ಆ್ಯಂಡ್ ಸೈಟ್ ಸರ್ಚ್’. ಕೆಳಗೆ ‘ಸೈಟ್ ಸರ್ಚ್’ ಎಂಬ ಭಾಗದಲ್ಲಿ ‘ಆ್ಯಡ್’ ಒತ್ತಿದರೆ ಮೂರು ಖಾನೆ ಬರುತ್ತವೆ. ಹೆಸರಿಗೆ ಅಲರ್ ಅಂತ ಹಾಕಿ. ಶಾರ್ಟ್‌ಕಟ್ ಖಾನೆಗೆ ‘ಅ’ ಅಕ್ಷರ ಒಂದೇ. ಮೂರನೆಯದಕ್ಕೆ ನಕಲಿಸಿದ ವಿಳಾಸ ಅಂಟಿಸಿ, ಅದರಲ್ಲಿ ಆ ಮೂರು ಕ್ಯೂ ಇರುವ ಜಾಗದಲ್ಲಿ ಶೇಕಡಾ ಚಿಹ್ನೆ, ಅದಕ್ಕೆ ತಾಗಿದಂತೆ ಇಂಗ್ಲಿಷಿನ ಸಣ್ಣ ‘ಎಸ್’ ಬರೆಯಿರಿ. ಸೇವ್ ಮಾಡಿ.

ಇನ್ನು ಮೇಲೆ ಯಾವ ಪುಟದಲ್ಲಿದ್ದರೂ ಸರಿ: ಕಂಟ್ರೋಲ್-ಟಿ (ಹೊಸ ಟ್ಯಾಬ್), ‘ಅ’, ಟ್ಯಾಬ್ ಕೀ, ಪದ, ಎಂಟರ್. ಅರ್ಥ ನೋಡಿಯಾದ ಮೇಲೆ ಕಂಟ್ರೋಲ್-ಡಬ್ಲ್ಯೂ. ಮೌಸ್ ಮುಟ್ಟುವ ಕೆಲಸವೇ ಇಲ್ಲ.

ಅರ್ಥವಿಲ್ಲದ ಪದವೇ ಯಾಕೆ ಅಂದರೆ, ಕನ್ನಡ ಪದ ಹುಡುಕಿ ವಿಳಾಸ ನಕಲಿಸಿದರೆ ಆ ಪದ ಶೇಕಡಾ ಚಿಹ್ನೆಗಳ ಸರವಾಗಿ ಬರುತ್ತದೆ, ಎಲ್ಲಿ ಶುರು ಎಲ್ಲಿ ಕೊನೆ ಅಂತ ತಿಳಿಯದೆ ಅರ್ಧ ಉಳಿದುಬಿಡುತ್ತದೆ. ಶಾರ್ಟ್‌ಕಟ್ ಕನ್ನಡ ಅಕ್ಷರವೇ ಇರಲಿ ಅಂದದ್ದಕ್ಕೂ ಕಾರಣವಿದೆ: ಇಂಗ್ಲಿಷ್ ಅಕ್ಷರ ಇಟ್ಟರೆ ಶಾರ್ಟ್‌ಕಟ್‌ಗೊಂದು ಸಲ, ಪದಕ್ಕೊಂದು ಸಲ ಕೀಲಿಮಣೆ ಭಾಷೆ ಬದಲಿಸಬೇಕು. ನಿಮ್ಮದು ಇನ್‌ಸ್ಕ್ರಿಪ್ಟ್ ಆದ್ದರಿಂದ ಸಲೀಸು. ವಿಂಡೋಸ್‌ನ ಫೋನೆಟಿಕ್ ಕೀಲಿಮಣೆ ಬಳಸುವವರು ಸಲಹೆಯ ಪಟ್ಟಿಯಿಂದ ಅಕ್ಷರ ಆರಿಸಿ ಪಟ್ಟಿ ಮುಚ್ಚಿದ ಮೇಲೆ ಟ್ಯಾಬ್ ಕೀ ಒತ್ತಬೇಕು.

ಪದ ಕೊಡುವಾಗ ವಿಭಕ್ತಿ ಕಳಚಿ ಕೊಡಿ. ‘ಹೊಳೆಯಲ್ಲಿ’ ಅಂತ ಹಾಕಿದರೆ ನಿಘಂಟು ಕೈಚೆಲ್ಲುತ್ತದೆ, ‘ಹೊಳೆ’ ಹಾಕಿ. ಕ್ರಿಯಾಪದವಾದರೆ ಧಾತುರೂಪ.

ಇದೇ ರೀತಿ ಕನ್ನಡ ವಿಕ್ಷನರಿಗೆ (ವಿಕಿಪೀಡಿಯ ಬಳಗದ ನಿಘಂಟು) ‘ವಿ’, ಕನ್ನಡ ವಿಕಿಪೀಡಿಯಕ್ಕೆ ‘ಕ’ ಇಟ್ಟುಕೊಳ್ಳಿ. ಫೈರ್‌ಫಾಕ್ಸ್‌ನಲ್ಲಾದರೆ %ಎಸ್ ಇರುವ ಇದೇ ವಿಳಾಸವನ್ನು ಬುಕ್‌ಮಾರ್ಕ್ ಮಾಡಿ, ಬುಕ್‌ಮಾರ್ಕ್ ಲೈಬ್ರರಿಯಲ್ಲಿ ಅದರ ‘ಕೀವರ್ಡ್’ ಖಾನೆಗೆ ಅಕ್ಷರ ತುಂಬಿ. ಅಲ್ಲಿ ಟ್ಯಾಬ್ ಕೀ ಬೇಡ, ಅಕ್ಷರದ ನಂತರ ಒಂದು ಸ್ಪೇಸ್ ಸಾಕು.

ಇನ್ನು ಉದ್ದನೆಯ ಲಿಂಕು. ವೆಬ್ ವಿಳಾಸದಲ್ಲಿ ಕನ್ನಡ ಅಕ್ಷರ ಹಾಗೇ ಪ್ರಯಾಣ ಮಾಡುವಂತಿಲ್ಲ. ಯೂನಿಕೋಡ್‌ನ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಪದ್ಧತಿ) ಪ್ರತಿ ಕನ್ನಡ ಸಂಕೇತ ಮೂರು ಬೈಟ್ ಆಗುತ್ತದೆ, ಪ್ರತಿ ಬೈಟ್‌ಗೆ ಒಂದು ಶೇಕಡಾ ಚಿಹ್ನೆ, ಎರಡು ಅಂಕಿ-ಅಕ್ಷರ. ‘ಕ’ ಅಂದರೆ %ಇ0%ಬಿ2%95, ಒಂಬತ್ತು ಅಕ್ಷರ (ಅಲ್ಲಿ ಇ, ಬಿ ಎರಡೂ ಇಂಗ್ಲಿಷಿನವು). ‘ಕನ್ನಡ’ ನೋಡಲು ಮೂರೇ ಅಕ್ಷರ, ಒಳಗೆ ಕ, ನ, ವಿರಾಮ (ಒತ್ತಕ್ಷರ ಜೋಡಿಸುವ ಚಿಹ್ನೆ), ನ, ಡ ಅಂತ ಐದು ಸಂಕೇತ, ಲಿಂಕಿನಲ್ಲಿ 45 ಅಕ್ಷರ. ‘ಕರ್ನಾಟಕ’ಕ್ಕೆ 63. ಅದು ಕೆಟ್ಟ ಲಿಂಕಲ್ಲ, ಎಲ್ಲ ಕಡೆ ಕೆಲಸ ಮಾಡುವ ರೂಪವೇ ಅದು.

ಓದುವಂತೆ ಬೇಕಿದ್ದರೆ ಕ್ರೋಮ್‌ನಲ್ಲಿ ಪೂರ್ತಿ ವಿಳಾಸ ಆರಿಸಬೇಡಿ. ಮೊದಲ ಒಂದು ಅಕ್ಷರ ಬಿಟ್ಟು ಮಿಕ್ಕದ್ದನ್ನು ಆರಿಸಿ ನಕಲಿಸಿದರೆ ಕನ್ನಡ ಕನ್ನಡವಾಗಿಯೇ ಬರುತ್ತದೆ, ಬಿಟ್ಟ ಅಕ್ಷರವನ್ನು ಅಂಟಿಸಿದ ಮೇಲೆ ಕೈಯಲ್ಲಿ ಸೇರಿಸಿ. ಫೈರ್‌ಫಾಕ್ಸ್‌ನಲ್ಲಿ ಶಾಶ್ವತವಾಗಿ ಸರಿಪಡಿಸಬಹುದು: ‘ಅಬೌಟ್:ಕಾನ್ಫಿಗ್’ ಪುಟ ತೆರೆದು ‘ಡಿಕೋಡ್’ ಅಂತ ಹುಡುಕಿ (ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು), ಯುಆರ್‌ಎಲ್ ನಕಲಿಗೆ ಸಂಬಂಧಿಸಿದ ಸಾಲನ್ನು ‘ಟ್ರೂ’ ಮಾಡಿ.

ಆದರೆ ಈಮೇಲ್‌ಗೆ, ಕಚೇರಿಯ ಪತ್ರಕ್ಕೆ ಆ ರೂಪ ಬೇಡ. ಕೆಲವು ತಂತ್ರಾಂಶಗಳು ಮೊದಲ ಕನ್ನಡ ಅಕ್ಷರ ಕಂಡಲ್ಲೇ ಲಿಂಕನ್ನು ಕತ್ತರಿಸಿಬಿಡುತ್ತವೆ. ವಿಕಿಪೀಡಿಯದ ಪುಟವಾದರೆ ಉಪಕರಣಗಳ ಪಟ್ಟಿಯಲ್ಲೇ ಚಿಕ್ಕ ವಿಳಾಸ ಕೊಡುವ ಸಾಲಿದೆ, ಒತ್ತಿದರೆ ‘ಡಬ್ಲ್ಯೂ ಡಾಟ್ ವಿಕಿ’ ಎಂದು ಶುರುವಾಗುವ ಪುಟ್ಟ ಲಿಂಕ್ ಸಿಗುತ್ತದೆ. ವಿಕಿಮೀಡಿಯಾದ್ದೇ ಆದ್ದರಿಂದ ಹೊರಗಿನ ಲಿಂಕ್ ಕುಗ್ಗಿಸುವ ತಾಣಗಳಿಗಿಂತ ಅದನ್ನು ನಂಬಬಹುದು.

ಮೊಳೆಜೋಡಿಸು ಉತ್ತರ:

ಮೂರನೇ ಪ್ರಶ್ನೆ ನೋಡಲು ಒಂದೇ, ಒಳಗೆ ಮೂರು ಬೇರೆ ಬೇರೆ ರೋಗ. ಯಾವುದೆಂದು ತಿಳಿಯದೆ ಮದ್ದು ಮಾಡಿದರೆ ದಿನ ಹಾಳು. ಪಿಡಿಎಫ್ ಅನ್ನು ಕ್ರೋಮ್‌ನಲ್ಲೇ ತೆರೆದು ಒಂದು ಸಾಲನ್ನು ಎಳೆದು ಆರಿಸಿ, ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ.

ಸಾಲು ಆಯ್ಕೆಯೇ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಅದರೊಳಗೆ ಅಕ್ಷರ ಎಂಬುದೇ ಇಲ್ಲ.

ಅಂಟಿಸಿದಾಗ ಇಂಗ್ಲಿಷ್ ಅಕ್ಷರ, ಮೇಲೆ ಚುಕ್ಕೆ ಗೀಟು ಇರುವ ಯುರೋಪಿನ ಅಕ್ಷರಗಳು ಬಂದರೆ ಅದು ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಕಾಲದ ಆಸ್ಕಿ ಫಾಂಟು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ವ್ಯವಸ್ಥೆ ಅದು. ಪಿಡಿಎಫ್ ಒಳಗೆ ಫಾಂಟೂ ಸೇರಿರುವುದರಿಂದ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್. ನೀವು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕಿದರೆ ಸಿಗುವುದಾದರೂ ಹೇಗೆ?

ಕನ್ನಡವೇ ಬಂದು ಒತ್ತಕ್ಷರ ಉದುರಿದ್ದರೆ, ಕೊಂಬು ಏತ್ವ ಹಿಂದುಮುಂದಾಗಿದ್ದರೆ ಅದು ಯೂನಿಕೋಡ್ ಫಾಂಟಿನಿಂದ ಮಾಡಿದ ಪಿಡಿಎಫ್. ಪಿಡಿಎಫ್ ಇಟ್ಟುಕೊಳ್ಳುವುದು ಅಕ್ಷರದ ಆಕಾರ ಮತ್ತು ಅದನ್ನು ಕೂರಿಸುವ ಜಾಗ. ‘ಸ್ತ್ರೀ’ ಎಂಬುದರ ಆಕಾರದಿಂದ ಮೂಲ ಸಂಕೇತಗಳಿಗೆ ಹಿಂದಿರುಗುವ ನಕ್ಷೆ ಸರಿಯಾಗಿ ಸೇರಿರದಿದ್ದರೆ ನಕಲು ಹದಗೆಡುತ್ತದೆ.

ಎರಡನೆಯ ಬಗೆಗೆ ಆಸ್ಕಿಯಿಂದ ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕ ಸಾಕು. ಬರಹ ತಂತ್ರಾಂಶದ ಜೊತೆಗೇ ಒಂದು ಬರುತ್ತದೆ, ಬ್ರೌಸರ್‌ನಲ್ಲೇ ನಡೆಯುವ ಮುಕ್ತ ಪರಿವರ್ತಕಗಳೂ ಇವೆ. ಆದರೆ ನುಡಿಯ ಪಠ್ಯವನ್ನು ಶ್ರೀಲಿಪಿಯ ಪರಿವರ್ತಕಕ್ಕೆ ಹಾಕಿದರೆ ಹೊಸ ಕಲಸುಮೇಲೋಗರ ಬರುತ್ತದೆ, ಯಾಕೆಂದರೆ ಎರಡರ ಸಂಕೇತ ಜೋಡಣೆ ಬೇರೆ. ಯಾವ ಫಾಂಟ್ ಅಂತ ತಿಳಿಯಲು ಪಿಡಿಎಫ್ ಅನ್ನು ಅಡೋಬಿ ರೀಡರ್‌ನಲ್ಲಿ ತೆರೆದು ಕಂಟ್ರೋಲ್-ಡಿ ಒತ್ತಿ, ‘ಫಾಂಟ್ಸ್’ ವಿಭಾಗ ನೋಡಿ. ಪರಿವರ್ತಿಸಿದ ಮೇಲೆ ಮೊದಲು ಅರ್ಕಾವತ್ತು ಇರುವ ಪದಗಳನ್ನು ಪರೀಕ್ಷಿಸಿ. ಆಸ್ಕಿಯಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ’ ಮತ್ತು ವಿರಾಮ ಮೊದಲು ಬರಬೇಕು. ‘ಸೂರ್ಯ’, ‘ಕಾರ್ಯದರ್ಶಿ’, ‘ವರ್ಷ’ ಸರಿಯಿದ್ದರೆ ಬಹುಪಾಲು ಸರಿಯಿದೆ ಎಂದೇ ಲೆಕ್ಕ. ಉದ್ಧರಣ ಚಿಹ್ನೆ, ಕನ್ನಡ ಅಂಕಿ ಇವೂ ಜಾರುವ ಜಾಗಗಳೇ.

ಒಂದನೆಯ ಮತ್ತು ಮೂರನೆಯ ಬಗೆಗೆ ಓಸಿಆರ್ (ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯವಾಗಿಸುವ ತಂತ್ರ) ಬೇಕು. ಒತ್ತಕ್ಷರ ಉದುರಿದ ಪಠ್ಯವನ್ನು ಕೈಯಲ್ಲಿ ತಿದ್ದುತ್ತ ಕೂರುವುದಕ್ಕಿಂತ ಪುಟವನ್ನು ಚಿತ್ರವೆಂದೇ ಭಾವಿಸಿ ಓದಿಸುವುದು ಬೇಗ ಆಗುತ್ತದೆ. ಗೂಗಲ್ ಡ್ರೈವ್‌ನಲ್ಲಿ ಇದು ಉಚಿತ: ಫೈಲ್ ಅಪ್‌ಲೋಡ್ ಮಾಡಿ, ಅದರ ಮೇಲೆ ಬಲಗುಂಡಿ ಒತ್ತಿ, ‘ಓಪನ್ ವಿತ್’ ಒಳಗೆ ‘ಗೂಗಲ್ ಡಾಕ್ಸ್’. ಮೂಲ ಫೈಲ್ ಹಾಗೇ ಉಳಿದು ಹೊಸ ಡಾಕ್ಯುಮೆಂಟ್ ಹುಟ್ಟುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಹುಡುಕಬೇಡಿ, ಕಂಪ್ಯೂಟರಿನ ಬ್ರೌಸರ್‌ನಲ್ಲೇ ಮಾಡಿ.

ಕೆಟ್ಟ ಫಲಿತಾಂಶ ಬರುವುದು ಹೆಚ್ಚಾಗಿ ಫೈಲಿನ ದೋಷದಿಂದ. ಗೂಗಲ್ಲೇ ಹೇಳುವ ಮಿತಿ 2 ಎಂಬಿ, ಅಕ್ಷರದ ಎತ್ತರ ಕನಿಷ್ಠ 10 ಪಿಕ್ಸೆಲ್. ಅಡ್ಡ ಮಲಗಿದ ಪುಟವನ್ನು ಮೊದಲೇ ನೆಟ್ಟಗೆ ತಿರುಗಿಸಿಕೊಳ್ಳಬೇಕು. ದೊಡ್ಡ ಪಿಡಿಎಫ್ ಒಡೆಯಲು ಬೇರೆ ತಂತ್ರಾಂಶ ಬೇಡ: ಕ್ರೋಮ್‌ನಲ್ಲಿ ತೆರೆದು ಕಂಟ್ರೋಲ್-ಪಿ, ‘ಡೆಸ್ಟಿನೇಶನ್’ನಲ್ಲಿ ‘ಸೇವ್ ಆ್ಯಸ್ ಪಿಡಿಎಫ್’, ‘ಪೇಜಸ್’ನಲ್ಲಿ ‘ಕಸ್ಟಮ್’ ಆರಿಸಿ 12-20 ಅಂತ ಕೊಡಿ. ಆ ಒಂಬತ್ತು ಪುಟ ಮಾತ್ರ ಬೇರೆ ಫೈಲಾಗುತ್ತದೆ. ‘ಮೋರ್ ಸೆಟ್ಟಿಂಗ್ಸ್’ನಲ್ಲಿ ‘ಪ್ರಿಂಟ್ ಆ್ಯಸ್ ಇಮೇಜ್’ಗೆ ಗುರುತು ಬಿದ್ದಿದ್ದರೆ ತೆಗೆಯಿರಿ, ಇಲ್ಲದಿದ್ದರೆ ಫೈಲ್ ಗಾತ್ರ ಉಬ್ಬುತ್ತದೆ.

ಎರಡು ಕಾಲಂ ಇರುವ ಸ್ಮರಣ ಸಂಚಿಕೆಯಾದರೆ ಸಾಲುಗಳು ಅಡ್ಡಡ್ಡ ಬೆರೆತುಹೋಗಬಹುದು. ಅಂಥದ್ದಕ್ಕೆ ವಿಂಡೋಸ್-ಶಿಫ್ಟ್-ಎಸ್ ಒತ್ತಿ ಒಂದೊಂದೇ ಕಾಲಮ್ಮಿನ ಚಿತ್ರ ಕತ್ತರಿಸಿ, ಪಿಎನ್‌ಜಿ ಆಗಿ ಉಳಿಸಿ ಡ್ರೈವ್‌ಗೆ ಹಾಕಿ. ಕತ್ತರಿಸುವ ಮೊದಲು ಪುಟವನ್ನು ಶೇ. 150ಕ್ಕೆ ಹಿಗ್ಗಿಸಿಕೊಳ್ಳಿ. ಕರಡು ನೋಡುವಾಗ ಫ-ಘ, ಥ-ಧ, ಕನ್ನಡ ಸೊನ್ನೆ ಮತ್ತು ಅನುಸ್ವಾರ, ಈ ಜೋಡಿಗಳ ಮೇಲೆ ಕಣ್ಣಿರಲಿ. ಕರಡು ತಿದ್ದುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಆದರೂ.

ಪ್ರಶ್ನೆಪತ್ರಿಕೆ, ಆಧಾರ್ ಇರುವ ಕಾಗದ, ಇನ್ನೂ ಪ್ರಕಟವಾಗದ ಹಸ್ತಪ್ರತಿ ಇಂಥವನ್ನು ಸಿಕ್ಕ ಸಿಕ್ಕ ‘ಉಚಿತ ಪಿಡಿಎಫ್’ ತಾಣಕ್ಕೆ ಏರಿಸಬೇಡಿ. ಅವಕ್ಕೆ ಟೆಸೆರ್ಯಾಕ್ಟ್ ಇದೆ: ಮುಕ್ತ ತಂತ್ರಾಂಶ, ಕನ್ನಡದ ದತ್ತಾಂಶ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓದುತ್ತದೆ.

ಹುಬ್ಬಳ್ಳಿಮಂದಿ ಉತ್ತರ:

ನಾಕನೇದ್ದಕ್ಕ ನಾ ಹೇಳ್ತೀನ್ರಿ. 4 ಜಿಬಿ ಅಂದ್ರ ಅದರಾಗ ಹತ್ತಿರ ಹತ್ತಿರ ಅರ್ಧ ವಿಂಡೋಸೇ ಹಿಡಕೊಂಡು ಕುಂತಿರ್ತದ. ಕ್ರೋಮ್ ಒಂದೊಂದು ಸೈಟಿಗೆ ಬ್ಯಾರೆ ಪ್ರೊಸೆಸ್ ತಗೀತದ. ಒಂದು ಸೈಟು ಇನ್ನೊಂದರ ಮಾಹಿತಿ ಇಣುಕಿ ನೋಡಬಾರದು ಅಂತ ಹಂಗ ಮಾಡ್ಯಾರ, ಅದು ಬೇಕಾದ್ದೇ. ಆದ್ರ ಮೆಮೊರಿ ತಿಂತದ.

ಮೊದಲ ಕ್ರೋಮ್‌ದಾಗ ಶಿಫ್ಟ್-ಎಸ್ಕೇಪ್ ಒತ್ರಿ. ಕ್ರೋಮ್‌ದೇ ಟಾಸ್ಕ್ ಮ್ಯಾನೇಜರ್ ಬರ್ತದ. ‘ಮೆಮೊರಿ ಫುಟ್‌ಪ್ರಿಂಟ್’ ಅನ್ನೋ ತಲೆಬರಹದ ಮ್ಯಾಲ ಒತ್ತಿದ್ರ ಜಾಸ್ತಿ ತಿನ್ನೋದು ಮ್ಯಾಲ ಬರ್ತದ. ನಿಮ್ಮ ಎಂಟೊಂಬತ್ತು ಎಕ್ಸ್‌ಟೆನ್ಶನ್ನೂ ಅಲ್ಲೇ ಹೆಸರು ಸಮೇತ ಕಾಣ್ತಾವ. ಟ್ಯಾಬಿನ ಮ್ಯಾಲ ದೋಷ ಹಾಕೋಕಿಂತ ಮುಂಚೆ ಅವನ್ನ ನೋಡ್ರಿ.

ಆಮ್ಯಾಲ ಸೆಟ್ಟಿಂಗ್ಸ್‌ದಾಗ ‘ಪರ್ಫಾರ್ಮನ್ಸ್’ಗೆ ಹೋಗಿ ‘ಮೆಮೊರಿ ಸೇವರ್’ ಚಾಲೂ ಮಾಡ್ರಿ. ಮೂರು ಹಂತ ಅದಾವ. ನಿಮ್ಮ ಲ್ಯಾಪ್‌ಟಾಪಿಗೆ ‘ಮ್ಯಾಕ್ಸಿಮಮ್’ ಹಾಕ್ರಿ. ಬಳಸದ ಟ್ಯಾಬು ಮೆಮೊರಿಯಿಂದ ಇಳೀತದ, ಹೆಸರು ಮಾತ್ರ ಮ್ಯಾಲ ಇರ್ತದ, ಒತ್ತಿದ್ರ ಮತ್ತ ಲೋಡ್ ಆಗ್ತದ. ಇಲ್ಲಿ ಮಂದಿ ಎಡವೋದು ಎಲ್ಲಿ ಅಂದ್ರ ಪಿನ್ ಮಾಡಿದ (ಎಡತುದಿಗೆ ಕಾಯಂ ಕೂರಿಸಿದ) ಟ್ಯಾಬು. ಪಿನ್ ಮಾಡಿದ್ದನ್ನ, ಹಾಡು ವಿಡಿಯೋ ಓಡ್ತಿರೋದನ್ನ, ಅರ್ಧ ತುಂಬಿದ ಫಾರ್ಮ್ ಇರೋದನ್ನ ಅದು ಮುಟ್ಟಂಗಿಲ್ಲ. ಹತ್ತು ಟ್ಯಾಬು ಪಿನ್ ಮಾಡಿಟ್ಟು ‘ಮೆಮೊರಿ ಸೇವರ್ ಕೆಲಸ ಮಾಡವಲ್ದು’ ಅಂದ್ರ ಹೆಂಗ?

ಬ್ಯಾಂಕು, ಸರ್ಕಾರಿ ಸೈಟು ಇಂಥಾವು ಮತ್ತ ಲೋಡ್ ಆದ್ರ ಲಾಗಿನ್ ಹೋಗಬಹುದು. ಅಂಥ ಸೈಟಿನ ಹೆಸರು ಅದೇ ಪುಟದಾಗ ‘ಆಲ್ವೇಸ್ ಕೀಪ್ ದೀಸ್ ಸೈಟ್ಸ್ ಆ್ಯಕ್ಟಿವ್’ ಪಟ್ಟಿಗೆ ಸೇರಿಸ್ರಿ.

‘ಸಿಸ್ಟಮ್’ ಪುಟದಾಗ, ಕ್ರೋಮ್ ಮುಚ್ಚಿದ ಮ್ಯಾಲೂ ಹಿಂದ ಆ್ಯಪ್ ಓಡಿಸೋದಕ್ಕ ಒಂದು ಸ್ವಿಚ್ ಅದ, ಅದನ್ನ ಬಂದ್ ಮಾಡ್ರಿ. ಕ್ರೋಮ್, ಫೈರ್‌ಫಾಕ್ಸ್ ಎರಡೂ ಒಮ್ಮೆಲೆ ತೆರದು ಇಡಬ್ಯಾಡ್ರಿ. ಇಪ್ಪತ್ತು ಟ್ಯಾಬಿನಾಗ ಬೇಕಾದ್ದು ಹುಡುಕೋಕ ಕಂಟ್ರೋಲ್-ಶಿಫ್ಟ್-ಎ ಅದ, ತಪ್ಪಿ ಮುಚ್ಚಿದ್ದನ್ನ ತರೋಕ ಕಂಟ್ರೋಲ್-ಶಿಫ್ಟ್-ಟಿ. ಹಿಂಗಾಗಿ ಮುಚ್ಚೋಕ ಅಂಜಬ್ಯಾಡ್ರಿ.

ಇನ್ನೊಂದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗದದ. ಬ್ರೌಸರ್ ಅಪ್‌ಡೇಟ್ ಬರ್ತಾವ ಅಂತ ಸುಮ್ಮನ ಕುಂದ್ರಬ್ಯಾಡ್ರಿ, ಒಳಗಿನ ವಿಂಡೋಸ್‌ದು ನಿಂತದ.

ಕರಡುತಿದ್ದು:

ಎಲ್ಲರಿಗೂ ಧನ್ಯವಾದ. ಅಲರ್ ಚಕಚಕ ಬರುತ್ತಿದೆ. ಶಿಫ್ಟ್-ಎಸ್ಕೇಪ್‌ನಲ್ಲಿ ನೋಡಿ ಐದು ಎಕ್ಸ್‌ಟೆನ್ಶನ್ ತೆಗೆದೆ.

ವಿಕ್ಷನರಿಯಲ್ಲಿ ಮಾತ್ರ ತೊಡಕು. ‘ನೀರು’ ಹಾಕಿದರೆ ಸರಿಯಾಗಿ ಹೋಗುತ್ತದೆ. ಅನೇಕ ಪದಗಳಿಗೆ ‘ಈ ಪುಟ ಇಲ್ಲ’ ಎನ್ನುವ ಖಾಲಿ ಪುಟ ಬರುತ್ತದೆ, ಆದರೆ ಅದೇ ತಾಣದ ಹುಡುಕುವ ಪೆಟ್ಟಿಗೆಯಲ್ಲಿ ಹಾಕಿದರೆ ಸಂಬಂಧಪಟ್ಟ ಪುಟಗಳ ಪಟ್ಟಿ ಸಿಗುತ್ತದೆ.

ಇನ್ನೊಂದು ಕೇಳಿಬಿಡುತ್ತೇನೆ. ಓಸಿಆರ್‌ಗೆ ಡ್ರೈವ್ ತೆರೆದರೆ 15 ಜಿಬಿ ತುಂಬಿದೆ ಅಂತಿದೆ. ಡ್ರೈವ್‌ನಲ್ಲಿ ಅಂಥದ್ದೇನೂ ಇಟ್ಟಿಲ್ಲ. ‘ಶೇರ್ಡ್ ವಿತ್ ಮಿ’ಯಲ್ಲಿ ಇದ್ದದ್ದನ್ನೆಲ್ಲ ತೆಗೆದರೂ ಒಂದು ಎಂಬಿಯೂ ಕಡಿಮೆಯಾಗಲಿಲ್ಲ.

ಒತ್ತಕ್ಷರ:

ನೀವು ನಕಲಿಸಿದ್ದು ‘ನೀರು’ ಲೇಖನದ ವಿಳಾಸ, ಹುಡುಕಾಟದ ವಿಳಾಸವಲ್ಲ. ವಿಕಿ ತಾಣಗಳಲ್ಲಿ ಇರುವ ಪದವನ್ನೇ ಹುಡುಕಿದರೆ ಪಟ್ಟಿ ತೋರಿಸದೆ ನೇರ ಲೇಖನಕ್ಕೆ ಹಾರುತ್ತದೆ. ಆ ವಿಳಾಸದಲ್ಲಿ %ಎಸ್ ಹಾಕಿದರೆ ಅಕ್ಷರಶಃ ಅದೇ ಶೀರ್ಷಿಕೆಯ ಪುಟವಿದ್ದರೆ ಮಾತ್ರ ತೆರೆಯುತ್ತದೆ. ಮೂರು ಕ್ಯೂ ಹಾಕಿ ಹುಡುಕಿ, ವಿಳಾಸದಲ್ಲಿ ‘ಸರ್ಚ್’ ಎಂಬ ಇಂಗ್ಲಿಷ್ ಪದ, ಸಮ ಚಿಹ್ನೆ, ಅದರ ಪಕ್ಕ ಕ್ಯೂಗಳು ಕಾಣುತ್ತವೆ. ಅದನ್ನು ಬಳಸಿ. ಪುಟ ಇದ್ದರೆ ನೇರ ಹೋಗುತ್ತದೆ, ಇಲ್ಲದಿದ್ದರೆ ಪಟ್ಟಿ ಬರುತ್ತದೆ.

ಲೆಕ್ಕಪತ್ರ ಉತ್ತರ:

‘ಶೇರ್ಡ್ ವಿತ್ ಮಿ’ ಫೈಲುಗಳು ಹಂಚಿಕೊಂಡವರ ಲೆಕ್ಕಕ್ಕೆ ಸೇರುತ್ತವೆ, ನಿಮ್ಮದಕ್ಕಲ್ಲ. ತೆಗೆದದ್ದರಿಂದ ಲಾಭವಿಲ್ಲ. ಆ 15 ಜಿಬಿ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿದ್ದು. ಫೋಟೋಸ್‌ನಲ್ಲಿ 2021ರ ಜೂನ್ 1ರ ನಂತರ ಏರಿಸಿದ್ದೆಲ್ಲ ಲೆಕ್ಕಕ್ಕೆ ಬರುತ್ತದೆ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಮೊದಲು ಪುಕ್ಕಟೆ ಇತ್ತು, 2024ರಿಂದ ಅದೂ ಇದರೊಳಗೇ. ‘ಡ್ರೈವ್‌ನಲ್ಲಿ ಏನೂ ಇಟ್ಟಿಲ್ಲ’ ಎನ್ನುವವರ ಜಾಗ ನುಂಗಿರುವುದು ಬಹಳ ಸಲ ಇದೇ.

ಗೂಗಲ್ ಒನ್‌ನ ಸ್ಟೋರೇಜ್ ಪುಟ ತೆರೆದರೆ ಯಾವುದಕ್ಕೆ ಎಷ್ಟು ಹೋಗಿದೆ ಅಂತ ಬಣ್ಣದ ಪಟ್ಟಿಯಲ್ಲಿ ತೋರಿಸುತ್ತದೆ. ಅದನ್ನು ನೋಡದೆ ಏನನ್ನೂ ಅಳಿಸಬೇಡಿ.

ವಾಟ್ಸಾಪ್ ದೊಡ್ಡದಿದ್ದರೆ: ಫೋನಿನಲ್ಲಿ ಸೆಟ್ಟಿಂಗ್ಸ್, ‘ಚಾಟ್ಸ್’, ‘ಚಾಟ್ ಬ್ಯಾಕಪ್’, ಅಲ್ಲಿ ‘ಇನ್‌ಕ್ಲೂಡ್ ವಿಡಿಯೋಸ್’ ಆಫ್ ಮಾಡಿ ಮತ್ತೊಮ್ಮೆ ಬ್ಯಾಕಪ್ ಮಾಡಿ. ಗುಂಪುಗಳಲ್ಲಿ ಬರುವ ಶುಭೋದಯದ ವಿಡಿಯೋಗಳು ಗೂಗಲ್‌ಗೆ ಹೋಗಿ ಕೂರಬೇಕಾದ ಕಾರಣವೇನೂ ಇಲ್ಲ.

ಜಿಮೇಲ್ ದೊಡ್ಡದಿದ್ದರೆ: ಹುಡುಕುವ ಪೆಟ್ಟಿಗೆಯ ಬಲತುದಿಯ ಗುರುತು ಒತ್ತಿ, ಗಾತ್ರ 10 ಎಂಬಿಗಿಂತ ಹೆಚ್ಚು ಅಂತ ಕೊಡಿ. ನಂತರ 5, ನಂತರ 2. ದೊಡ್ಡ ಲಗತ್ತು ಇರುವ ನೂರು ಮೇಲ್ ಅಳಿಸಿದರೆ ಸಿಗುವ ಜಾಗ, ಹತ್ತು ಸಾವಿರ ಜಾಹೀರಾತು ಮೇಲ್ ಅಳಿಸಿದರೂ ಸಿಗದಿರಬಹುದು. ಜಾಹೀರಾತನ್ನೂ ಗುಡಿಸಬೇಕೆಂದರೆ ‘ಪ್ರಮೋಶನ್ಸ್’ ತೆರೆದು ಮೇಲಿನ ಚೌಕಕ್ಕೆ ಗುರುತು ಹಾಕಿ. ಅದು ಆ ಪುಟದವನ್ನು ಮಾತ್ರ ಆರಿಸುತ್ತದೆ, ಸಾಮಾನ್ಯವಾಗಿ 50. ಎಲ್ಲವನ್ನೂ ಆರಿಸುವ ನೀಲಿ ಸಾಲು ಅದರ ಮೇಲೆಯೇ ಬರುತ್ತದೆ, ಅದನ್ನೂ ಒತ್ತಬೇಕು.

ಅಳಿಸಿದ್ದು ಕಸದ ಬುಟ್ಟಿಯಲ್ಲಿ ಇರುವವರೆಗೆ ಜಾಗ ಬಿಡುಗಡೆಯಾಗುವುದಿಲ್ಲ. ಜಿಮೇಲ್, ಡ್ರೈವ್ ಬುಟ್ಟಿಗಳು 30 ದಿನಕ್ಕೆ ತಾವೇ ಖಾಲಿಯಾಗುತ್ತವೆ, ಬ್ಯಾಕಪ್ ಆದ ಫೋಟೋಗಳು 60 ದಿನ ಇರುತ್ತವೆ. ಈಗಲೇ ಜಾಗ ಬೇಕಿದ್ದರೆ ಮೂರೂ ಬುಟ್ಟಿಯನ್ನು ಬೇರೆ ಬೇರೆಯಾಗಿ ಖಾಲಿ ಮಾಡಿ. ಅಂಕಿ ಬದಲಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ಫೋಟೋಗಳೇ ಹೆಚ್ಚಿದ್ದರೆ, ಇರುವುದನ್ನು ಕುಗ್ಗಿಸುವ ಆಯ್ಕೆ ಫೋಟೋಸ್‌ನ ವೆಬ್ ತಾಣದ ಸೆಟ್ಟಿಂಗ್ಸ್‌ನಲ್ಲಿದೆ. ಚಿತ್ರ 16 ಮೆಗಾಪಿಕ್ಸೆಲ್‌ಗೆ, ವಿಡಿಯೋ 1080ಪಿಗೆ ಇಳಿಯುತ್ತದೆ, ಮತ್ತೆ ಹಿಂದಕ್ಕೆ ತರಲಾಗದು. ಹಸ್ತಪ್ರತಿಗಳ ಫೋಟೋ ಅಲ್ಲಿದ್ದರೆ ಮೊದಲು ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು ಆಮೇಲೆ ಆ ಗುಂಡಿ ಒತ್ತಿ.

ಜಾಗ ತುಂಬಿದಾಗ ಬರುವ ಮೇಲ್ ಕೂಡ ನಿಮಗೆ ತಲುಪುವುದಿಲ್ಲ, ಕಳಿಸಿದವರಿಗೇ ವಾಪಸಾಗುತ್ತದೆ. ಆದ್ದರಿಂದ ಓಸಿಆರ್ ಆಮೇಲೆ, ಇದು ಮೊದಲು.

ಮೊಳೆಜೋಡಿಸು:

ಉಳಿದ ಮೂರ‍್ನಾಲ್ಕು ಎಕ್ಸ್‌ಟೆನ್ಶನ್‌ಗಳ ಬಗ್ಗೆ. ಎಕ್ಸ್‌ಟೆನ್ಶನ್ ಪುಟದಲ್ಲಿ ಒಂದೊಂದರ ‘ಡೀಟೇಲ್ಸ್’ ತೆರೆದು ‘ಸೈಟ್ ಆ್ಯಕ್ಸೆಸ್’ ನೋಡಿ. ‘ಆನ್ ಆಲ್ ಸೈಟ್ಸ್’ ಅಂತಿದ್ದರೆ ನೀವು ತೆರೆಯುವ ಪ್ರತಿ ಪುಟವನ್ನೂ ಅದು ಓದಬಲ್ಲದು, ತಿದ್ದಬಲ್ಲದು. ‘ಆನ್ ಕ್ಲಿಕ್’ಗೆ ಬದಲಿಸಿದರೆ ಗುರುತು ಒತ್ತಿದಾಗ ಮಾತ್ರ. ಜಾಹೀರಾತು ತಡೆಗೆ ಯುಬ್ಲಾಕ್ ಒರಿಜಿನ್ ಇತ್ತೆಂದರೆ, 2025ರಲ್ಲಿ ಕ್ರೋಮ್ ಹಳೇ ಮಾದರಿಯ ಎಕ್ಸ್‌ಟೆನ್ಶನ್‌ಗಳನ್ನು ನಿಲ್ಲಿಸಿದಾಗ ಅದೂ ನಿಂತಿದೆ. ಕ್ರೋಮ್‌ಗೆ ಅದರ ‘ಲೈಟ್’ ಆವೃತ್ತಿ ಮಾತ್ರ. ಪೂರ್ತಿ ಶಕ್ತಿಯದು ಬೇಕಿದ್ದರೆ ಫೈರ್‌ಫಾಕ್ಸ್‌ನಲ್ಲಿ ಈಗಲೂ ನಡೆಯುತ್ತದೆ. ಸುದ್ದಿತಾಣ ಓದುವುದಕ್ಕಷ್ಟೇ ಫೈರ್‌ಫಾಕ್ಸ್, ಕೆಲಸಕ್ಕೆ ಕ್ರೋಮ್ ಅಂತ ಹಂಚಿಕೊಳ್ಳಿ, ಒಂದು ಮುಚ್ಚಿ ಇನ್ನೊಂದು ತೆರೆಯಿರಿ.

ಕರಡುತಿದ್ದು:

ವಾಟ್ಸಾಪ್ ಬ್ಯಾಕಪ್ ಒಂದೇ 9 ಜಿಬಿ ಇತ್ತು. ವಿಡಿಯೋ ಬಿಟ್ಟು ಬ್ಯಾಕಪ್ ಹಾಕಿದ್ದೇನೆ. ವಿಕ್ಷನರಿಯೂ ಸರಿಹೋಯಿತು. ಕಾಲಂ ಕತ್ತರಿಸಿ ಪಿಎನ್‌ಜಿ ಮಾಡಿದರೆ ಒಂದೊಂದು ಕಾಲಮ್ಮಿಗೂ ಬೇರೆ ಡಾಕ್ಯುಮೆಂಟ್ ಹುಟ್ಟುತ್ತಿದೆ, ಒಟ್ಟುಗೂಡಿಸುವ ದಾರಿ?

ಮೊಳೆಜೋಡಿಸು:

ಚಿತ್ರಗಳಿಗೆ 01, 02 ಅಂತ ಕ್ರಮವಾಗಿ ಹೆಸರಿಡಿ. ವಿಂಡೋಸ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಆರಿಸಿ, 01ರ ಮೇಲೆ ಬಲಗುಂಡಿ ಒತ್ತಿ ‘ಪ್ರಿಂಟ್’ ಕೊಟ್ಟು, ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಆರಿಸಿ. ‘ಫಿಟ್ ಪಿಕ್ಚರ್ ಟು ಫ್ರೇಮ್’ ಗುರುತು ತೆಗೆಯಿರಿ, ಇಲ್ಲದಿದ್ದರೆ ಅಂಚಿನ ಅಕ್ಷರ ಕತ್ತರಿಸಿಹೋಗುತ್ತದೆ. ಬಂದ ಪಿಡಿಎಫ್ 2 ಎಂಬಿ ಒಳಗಿದ್ದರೆ ಹಾಗೇ ಡ್ರೈವ್‌ಗೆ, ಮೀರಿದರೆ ಆರೇಳು ಕಾಲಮ್ಮಿಗೆ ಒಂದರಂತೆ ಒಡೆದು ಹಾಕಿ.